ಬಟ್ಟೆಯನ್ನಲ್ಲ, ಮುಖವನ್ನು ನೋಡಿ: ಮೈಬಣ್ಣಕ್ಕೆ ಒಪ್ಪುವ ಬಣ್ಣ ಹುಡುಕುವ ಬಗೆ

ಸೀರೆ ಅಂಗಡಿಯ ಕನ್ನಡಿ ಮುಂದೆ ನಿಂತವರು ನೋಡುವುದು ಸೀರೆಯನ್ನು. ಹೆಗಲ ಮೇಲೆ ಹಾಕಿಕೊಂಡು ಅಂಚು ನೋಡುತ್ತಾರೆ, ಜರಿ ನೋಡುತ್ತಾರೆ, ಸೆರಗು ಬಿಡಿಸಿ ನೋಡುತ್ತಾರೆ. ಅಷ್ಟರಲ್ಲಿ ತಮ್ಮ ಮುಖ ಹೇಗಾಯಿತು ಎಂದು ನೋಡುವವರು ಬಹಳ ಕಡಿಮೆ. ಬಣ್ಣ ಒಪ್ಪುವುದು ಅಂದರೆ ಅದೇ ಅಲ್ವಾ? ಬಟ್ಟೆ ಹಾಕಿದಾಗ ಮುಖ ಎದ್ದು ಕಾಣಬೇಕು. ಬಟ್ಟೆ ಮಾತ್ರ ಎದ್ದು ಕಂಡರೆ ಆ ಬಣ್ಣ ನಿಮ್ಮದಲ್ಲ.

ನಾನು ಶಿರಸಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ತವರು ಅಂಕೋಲಾ. ಹಾಗಾಗಿ ಘಟ್ಟದ ಮೇಲಿನವರ ಜೊತೆಗೆ ಕುಮಟಾ, ಅಂಕೋಲಾ, ಕಾರವಾರದ ಕಡೆಯವರೂ ನನ್ನ ಹತ್ತಿರ ಹೊಲಿಸುತ್ತಾರೆ. ಹೊಲಿಯುವವರಿಗೆ ಒಂದು ಅನುಕೂಲ ಇದೆ. ನಮ್ಮ ಬಳಿ ಸಾವಿರ ಬಣ್ಣದ ತುಂಡುಗಳು ಬಿದ್ದಿರುತ್ತವೆ. ಮ್ಯಾಚಿಂಗ್ ಸೆಂಟರಿನಲ್ಲಿ ಲೈನಿಂಗ್ ಬಟ್ಟೆ ಕೇಳಿದರೆ ಬರೀ ಕೆಂಪಿನಲ್ಲೇ ಹತ್ತಾರು ಕೆಂಪು ತೆಗೆದು ತೋರಿಸುತ್ತಾರೆ. ಆ ತುಂಡುಗಳನ್ನೇ ಒಂದೊಂದಾಗಿ ಗದ್ದದ ಕೆಳಗೆ ಹಿಡಿದು ಮುಖ ನೋಡುವುದು ನನ್ನ ಪದ್ಧತಿ. ಇದನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು. ದುಡ್ಡು ಬೇಕಿಲ್ಲ, ಒಂದು ಬೆಳಗಿನ ಹೊತ್ತು ಸಾಕು.

ಮೊದಲು ಬೆಳಕು

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನನಗೆ ಇದೇ ಮುಖ್ಯ. ಬೆಳಕು ಸರಿ ಇಲ್ಲದಿದ್ದರೆ ಮುಂದೆ ಮಾಡುವುದೆಲ್ಲ ದಂಡ.

ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ, ನೇರ ಬಿಸಿಲು ಬೀಳದ, ಆದರೆ ಆಕಾಶ ಕಾಣುವ ಜಾಗದಲ್ಲಿ ಕುಳಿತುಕೊಳ್ಳಿ. ನಮ್ಮ ಕಡೆಯ ಮನೆಗಳಲ್ಲಿ ಇಲ್ಲೊಂದು ತೊಡಕಿದೆ. ಜಗಲಿಯ ಎದುರಿಗೇ ಅಡಿಕೆ ತೋಟ ಇದ್ದರೆ ಎಲೆಗಳ ಮೇಲೆ ಬಿದ್ದು ಬರುವ ಬೆಳಕು ಹಸಿರಾಗಿರುತ್ತದೆ. ಕಣ್ಣಿಗೆ ಅದು ರೂಢಿಯಾಗಿ ಗೊತ್ತಾಗುವುದಿಲ್ಲ, ಆದರೆ ಮುಖ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣುತ್ತದೆ. ಕೆಂಪು ಗಾರೆ ನೆಲ ಇದ್ದರೆ ಅದು ಕೆಳಗಿನಿಂದ ಕೆಂಪು ಎರಚುತ್ತದೆ. ಹಸಿರು, ಗುಲಾಬಿ ಪೇಂಟಿನ ಗೋಡೆಯೂ ಹಾಗೆಯೇ. ಆದ್ದರಿಂದ ಅಂಗಳಕ್ಕೆ ಬನ್ನಿ, ಮಾಡಿನ ನೆರಳಲ್ಲಿ ಕುಳಿತುಕೊಳ್ಳಿ, ಕಾಲ ಕೆಳಗೆ ಒಂದು ಬಿಳಿ ಪಂಚೆ ಹಾಸಿ. ಇನ್ನೊಂದು ಬಿಳಿ ಬಟ್ಟೆಯನ್ನು ಹೆಗಲ ಸುತ್ತ ಹೊದ್ದುಕೊಳ್ಳಿ, ಉಟ್ಟ ಬಟ್ಟೆಯ ಬಣ್ಣ ಕಾಣಬಾರದು.

ಮುಖಕ್ಕೆ ಪೌಡರ್, ಕ್ರೀಮು, ಲಿಪ್‌ಸ್ಟಿಕ್ ಏನೂ ಬೇಡ. ಅರಿಶಿನ ಹಚ್ಚಿ ಸ್ನಾನ ಮಾಡುವ ರೂಢಿ ಇದ್ದರೆ ಹಿಂದಿನ ಒಂದೆರಡು ದಿನ ಬಿಡಿ, ಅದರ ಹಳದಿ ಚರ್ಮದಲ್ಲಿ ಉಳಿದಿರುತ್ತದೆ. ಹಂಡೆಯ ಬಿಸಿನೀರು ಮಿಂದು ಬಂದ ತಕ್ಷಣವೂ ಬೇಡ, ಆಗ ರಕ್ತ ಏರಿ ಮುಖ ಕೆಂಪಾಗಿರುತ್ತದೆ. ಚಿನ್ನದ ಸರ, ಓಲೆ ತೆಗೆದಿಡಿ. ಕೂದಲಿಗೆ ಮೆಹಂದಿ ಅಥವಾ ಡೈ ಹಾಕಿದ್ದರೆ ಬಿಳಿ ಟವೆಲ್ ಸುತ್ತಿಕೊಳ್ಳಿ.

ಬಿಳಿ ಮತ್ತು ಕೋರಾ

ಚರ್ಮಕ್ಕೆ ಬಣ್ಣ ಬರುವುದು ಮುಖ್ಯವಾಗಿ ಮೂರರಿಂದ. ಒಂದು ಚರ್ಮವೇ ತಯಾರಿಸುವ ಕಂದು ಬಣ್ಣ, ಮೆಲನಿನ್. ಇನ್ನೊಂದು ರಕ್ತದ ಕೆಂಪು, ಅಂದರೆ ಹಿಮೋಗ್ಲೋಬಿನ್. ಮೂರನೆಯದು ಸೊಪ್ಪು ತರಕಾರಿಯಿಂದ ಬರುವ ಹಳದಿ, ಕ್ಯಾರೊಟಿನ್. ಮೆಲನಿನ್ ಎಷ್ಟಿದೆ ಎನ್ನುವುದು ಮೈಬಣ್ಣ ಎಷ್ಟು ಗಾಢ ಎಂದು ಹೇಳುತ್ತದೆ. ಆದರೆ ಒಂದೇ ಗಾಢತೆಯ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಒಬ್ಬರ ಚರ್ಮದೊಳಗಿಂದ ಹಳದಿ ಛಾಯೆ ಕಾಣುತ್ತದೆ, ಇನ್ನೊಬ್ಬರಲ್ಲಿ ಗುಲಾಬಿ ಅಥವಾ ನೀಲಿಗೆ ವಾಲಿದ ಕೆಂಪು. ಮತ್ತೆ ಕೆಲವರಲ್ಲಿ ತೆಳುವಾದ ಹಸಿರು ಛಾಯೆ. ಬಿಸಿಲಿಗೆ ಮೈ ಕಪ್ಪಾಗುತ್ತದೆ, ಮಳೆಗಾಲದಲ್ಲಿ ತಿಳಿಯಾಗುತ್ತದೆ. ಈ ಒಳಛಾಯೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ನಾವು ಹುಡುಕುತ್ತಿರುವುದು ಇದನ್ನೇ.

ಇದಕ್ಕೆ ಎರಡು ಬಟ್ಟೆ ಬೇಕು. ಒಂದು ಅಚ್ಚ ಬಿಳಿ, ನೀಲಿ ಹಾಕಿ ಒಗೆದ ಪಂಚೆ ಚೆನ್ನಾಗಿ ಆಗುತ್ತದೆ. ನೀಲಿ ಹಾಕಿದ ಬಟ್ಟೆ ನಿಜಕ್ಕೂ ಸ್ವಲ್ಪ ನೀಲಿ ಕಡೆಗಿನ ಬಿಳಿ. ಇನ್ನೊಂದು ಬ್ಲೀಚ್ ಆಗದ ಕೋರಾ ಬಟ್ಟೆ, ಅದು ಹಳದಿ ಕಡೆಗಿನ ಬಿಳಿ. ಮೊದಲು ಒಂದನ್ನು ಗದ್ದದ ಕೆಳಗೆ ಹಿಡಿಯಿರಿ, ಕಣ್ಣು ಮುಚ್ಚಿ, ತೆರೆದು ಕನ್ನಡಿ ನೋಡಿ. ಆಮೇಲೆ ಇನ್ನೊಂದು. ಹೀಗೆ ನಾಲ್ಕಾರು ಸಲ ಬದಲಾಯಿಸಿ. ಅಚ್ಚ ಬಿಳಿಗೆ ಮುಖ ತೊಳೆದಂತೆ ಆಗಿ, ಕೋರಾಕ್ಕೆ ಮಂಕಾದರೆ ನಿಮ್ಮದು ತಂಪು ಛಾಯೆ, ಅಂದರೆ ಗುಲಾಬಿ, ನೀಲಿ ಕಡೆಯದು. ಕೋರಾಕ್ಕೆ ಮುಖ ಹಿತವಾಗಿ, ಬಿಳಿಗೆ ಬೂದಿ ಬಳಿದ ಹಾಗೆ ಆದರೆ ಬೆಚ್ಚನೆಯ ಛಾಯೆ, ಅಂದರೆ ಹಳದಿ ಕಡೆಯದು. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ನಡುವಿನದು. ನಡುವಿನವರು ನಮ್ಮಲ್ಲಿ ಜಾಸ್ತಿ ಇದ್ದಾರೆ, ಗಾಬರಿ ಬೇಡ.

ಮಣಿಕಟ್ಟಿನ ನರ ನೋಡಿ, ಹಸಿರಾಗಿದ್ದರೆ ಬೆಚ್ಚನೆ, ನೀಲಿಯಾಗಿದ್ದರೆ ತಂಪು ಎಂದು ಎಲ್ಲ ವಿಡಿಯೋದವರೂ ಹೇಳುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ರಕ್ತ ನೀಲಿಯೂ ಅಲ್ಲ, ಹಸಿರೂ ಅಲ್ಲ. ಬೆಳಕು ಚರ್ಮದೊಳಗೆ ಹೋಗಿ ಚದುರಿ ಬರುವ ರೀತಿಗೆ ನರ ಹಾಗೆ ಕಾಣುತ್ತದೆ. ಮೈಬಣ್ಣ ಗಾಢವಾಗಿದ್ದರೆ ನರವೇ ಸರಿಯಾಗಿ ಕಾಣುವುದಿಲ್ಲ. ಅಂಥವರಿಗೆ ಈ ಪರೀಕ್ಷೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಬಟ್ಟೆಯ ಪರೀಕ್ಷೆ ಎಲ್ಲರಿಗೂ ನಡೆಯುತ್ತದೆ.

ಜೋಡಿ ಬಣ್ಣಗಳು

ಬಿಳಿಯಲ್ಲಿ ಗೊತ್ತಾದದ್ದನ್ನು ಬಣ್ಣದಲ್ಲಿ ಗಟ್ಟಿ ಮಾಡಿಕೊಳ್ಳಬೇಕು. 'ನನಗೆ ಕೆಂಪು ಒಪ್ಪಲ್ಲ' ಎನ್ನುವವರಿಗೆ ನಾನು ಕೇಳುವುದು, ಯಾವ ಕೆಂಪು? ಕೆಂಪಿನಲ್ಲಿ ಕಿತ್ತಳೆಗೆ ವಾಲಿದ್ದಿದೆ, ಸಿಂಧೂರದ ಕೆಂಪು. ನೇರಳೆಗೆ ವಾಲಿದ್ದಿದೆ, ಹಣ್ಣಾದ ಮುರುಗಲಿನ, ಅಂದರೆ ಕೋಕಂ ಹಣ್ಣಿನ ಕೆಂಪು. ಒಂದು ಒಪ್ಪದವರಿಗೆ ಇನ್ನೊಂದು ಸಾಮಾನ್ಯವಾಗಿ ಒಪ್ಪುತ್ತದೆ. ಹಸಿರಿನಲ್ಲಿ ಗಿಣಿಹಸಿರು ಬೆಚ್ಚನೆಯದು, ಅಂಗಡಿಯವರು ರಾಮಾ ಗ್ರೀನ್ ಎನ್ನುವುದು ನೀಲಿ ಕಡೆಯದು. ಹಳದಿಯಲ್ಲಿ ಅರಿಶಿನ ಮತ್ತು ನಿಂಬೆ. ಗುಲಾಬಿಯಲ್ಲಿ ಹವಳದ ಬಣ್ಣ ಮತ್ತು ರಾಣಿ ಬಣ್ಣ. ನೀಲಿಯಲ್ಲಿ ನವಿಲು ನೀಲಿ ಮತ್ತು ಇಂಕ್ ಬ್ಲೂ. ಇಷ್ಟು ಜೋಡಿಗಳ ತುಂಡು ಸಿಕ್ಕರೆ ಸಾಕು. ಸಿಗದಿದ್ದರೆ ಮನೆಯ ಸೀರೆ, ದುಪಟ್ಟಾ, ಟವೆಲ್, ಮಕ್ಕಳ ಅಂಗಿ ಎಲ್ಲ ಸೇರಿಸಿ. ನುಣುಪಾದ ರೇಷ್ಮೆ ಬೇಡ, ಅದರ ಹೊಳಪು ಕಣ್ಣು ಕಟ್ಟುತ್ತದೆ. ಸಾದಾ ಹತ್ತಿಯೇ ಒಳ್ಳೆಯದು.

ಪ್ರತಿ ತುಂಡಿಗೂ ಮುಖದಲ್ಲಿ ಇಷ್ಟನ್ನು ನೋಡಿ. ಕಣ್ಣ ಕೆಳಗಿನ ಕಪ್ಪು ತುಸು ಮಾಯವಾಯಿತೋ, ಎದ್ದು ಬಂತೋ? ಬಾಯಿಯ ಸುತ್ತ ಮತ್ತು ಗದ್ದದ ಮೇಲೆ ಬಣ್ಣ ಸಮವಾಗಿದೆಯೋ, ಕಲೆ ಕಲೆಯಾಗಿ ಕಾಣುತ್ತಿದೆಯೋ? ಕಣ್ಣಿನ ಬಿಳಿ ಬೆಳ್ಳಗಿದೆಯೋ, ಹಳದಿ ಕಾಣುತ್ತಿದೆಯೋ? ತುಟಿಗೆ ಬಣ್ಣ ಬಂದಂತಿದೆಯೋ? ದವಡೆಯ ಗೆರೆ ಸ್ಪಷ್ಟವಾಗಿದೆಯೋ, ಕತ್ತಿನಲ್ಲಿ ಕರಗಿದೆಯೋ? ಇನ್ನೊಂದು ಸುಲಭದ ದಾರಿ ಇದೆ. ಪಕ್ಕದಲ್ಲಿ ಅಕ್ಕನೋ ಅತ್ತಿಗೆಯೋ ಇದ್ದರೆ ಅವರಿಗೆ ಕಣ್ಣು ಮುಚ್ಚಲು ಹೇಳಿ, ತುಂಡು ಬದಲಾಯಿಸಿ, ಕಣ್ಣು ತೆರೆದ ಕ್ಷಣ ಮೊದಲು ಕಂಡದ್ದು ಬಟ್ಟೆಯೋ ಮುಖವೋ ಎಂದು ಕೇಳಿ. 'ಚಂದ ಇದೆಯಾ' ಎಂದು ಕೇಳಬೇಡಿ. ಚಂದ ಎನ್ನುವುದಕ್ಕೆ ಅವರವರ ಇಷ್ಟ ಸೇರಿಬಿಡುತ್ತದೆ.

ಹೀಗೇಕೆ ಆಗುತ್ತದೆ? ಒಂದು ಕಾರಣ ಸರಳ. ಗದ್ದದ ಕೆಳಗಿನ ಬಟ್ಟೆಯ ಬಣ್ಣ ಬೆಳಕಿನ ಜೊತೆ ಮುಖಕ್ಕೆ ಬಡಿಯುತ್ತದೆ. ಇನ್ನೊಂದು ನಮ್ಮ ಕಣ್ಣಿನದೇ ಕೆಲಸ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಮಿಶೆಲ್ ಶೆವ್ರಲ್ ಎಂಬ ರಸಾಯನ ತಜ್ಞರಿಗೆ ಒಂದು ದೂರು ಬಂದಿತ್ತು. ಕಪ್ಪು ನೂಲು ಸಾಕಷ್ಟು ಕಪ್ಪಿಲ್ಲ ಎಂದು. ಅವರು ಪರೀಕ್ಷಿಸಿ ನೋಡಿದರೆ ಕಪ್ಪಿನಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ ಮತ್ತು ನೇರಳೆಯಿಂದ ಅದು ಹಾಗೆ ಕಾಣುತ್ತಿತ್ತು. ಪಕ್ಕದ ಬಣ್ಣ ಪಕ್ಕದ ಬಣ್ಣವನ್ನು ಬದಲಿಸಿ ತೋರಿಸುತ್ತದೆ ಎಂಬ ಈ ನಿಯಮವನ್ನು ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ಇದನ್ನು ನಾನು ಓದಿದಾಗ ನಮ್ಮ ಅಂಗಡಿಯ ಮಾತೇ ಅನಿಸಿತು. 'ಬ್ಲೌಸ್ ಪೀಸ್ ಮ್ಯಾಚ್ ಆಗ್ತಿಲ್ಲ' ಎಂದು ತರುತ್ತಾರೆ. ಸೀರೆಯ ಹಸಿರನ್ನು ಮಡಚಿ ಅಂಚಿನ ಮರೂನ್ ಮಾತ್ರ ಕಾಣುವ ಹಾಗೆ ಇಟ್ಟರೆ ಪೀಸ್ ಸರಿಯಾಗಿ ಕೂಡುತ್ತದೆ. ಹಸಿರಿನ ಪಕ್ಕ ಕೆಂಪು ಹೆಚ್ಚು ಕೆಂಪಾಗುತ್ತದೆ. ಮುಖಕ್ಕೂ ಅದೇ ನಿಯಮ. ಮುಖದಲ್ಲಿ ಹಳದಿ ಛಾಯೆ ಇದ್ದವರು ಕಡುನೇರಳೆ ಹತ್ತಿರ ತಂದರೆ ಆ ಹಳದಿ ಎದ್ದು ಕಾಣುವುದು ಇದೇ ಕಾರಣಕ್ಕೆ. ಕೆನ್ನೆ ಬೇಗ ಕೆಂಪಾಗುವವರಿಗೆ ಕಡುಹಸಿರು ಇನ್ನಷ್ಟು ಕೆಂಪು ಕೊಡುತ್ತದೆ. ಕೆಲವರಿಗೆ ಅದು ಚಂದ, ಕೆಲವರಿಗೆ ಬೇಡ.

ಗಾಢತೆಯ ಮಾತು

ಈಗ ನನಗೆ ತುಂಬ ಮುಖ್ಯವಾದದ್ದನ್ನು ಹೇಳುತ್ತೇನೆ. ತಾಯಂದಿರು ಮಗಳನ್ನು ಕರೆದುಕೊಂಡು ಬರುತ್ತಾರೆ. 'ಅಕ್ಕಾ, ತಿಳಿ ಬಣ್ಣವೇ ತಂದಿದೀನಿ. ಮೊದಲೇ ಕಪ್ಪು, ಗಾಢ ಹಾಕಿದ್ರೆ ಮತ್ತೂ ಕಪ್ಪು ಕಾಣ್ತಾಳೆ' ಎನ್ನುತ್ತಾರೆ. ಮಗಳ ಎದುರಿಗೇ ಹೇಳುತ್ತಾರೆ. ಹುಡುಗಿ ನೆಲ ನೋಡುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಮಾತು ನೋಯಿಸುವಂಥದ್ದು ಮಾತ್ರವಲ್ಲ, ಬಣ್ಣದ ಲೆಕ್ಕದಲ್ಲೂ ಪೂರ್ತಿ ತಪ್ಪು. 'ಬಾ ತಂಗಿ' ಎಂದು ಆ ಹುಡುಗಿಯನ್ನು ಬಾಗಿಲ ಬೆಳಕಿಗೆ ಕೂರಿಸಿ, ತಂದ ತಿಳಿಗುಲಾಬಿಯನ್ನೂ ಅದರ ನಂತರ ಕೇಸರಿ ತುಂಡನ್ನೂ ಹಿಡಿದು ತೋರಿಸುತ್ತೇನೆ. ತಾಯಿಯೇ ಸುಮ್ಮನಾಗುತ್ತಾರೆ.

ಗಾಢ ಮೈಬಣ್ಣಕ್ಕೆ ಸಾಮಾನ್ಯವಾಗಿ ತೊಂದರೆ ಕೊಡುವುದು ಬೂದಿ ಬೆರೆಸಿದಂಥ ತಿಳಿಬಣ್ಣಗಳು, ಮತ್ತು ಚರ್ಮದಷ್ಟೇ ಗಾಢವಾದ ಕಂದು. ಅಂಥ ಕಂದಿನ ಮೇಲೆ ಮುಖ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಅದೇ ಕಂದು ಎರಡು ಹಂತ ಗಾಢವಾದರೆ ಅಥವಾ ಎರಡು ಹಂತ ತಿಳಿಯಾದರೆ ಸರಿ ಹೋಗುತ್ತದೆ. ತುಂಬಿದ ಬಣ್ಣಗಳು, ಅಂದರೆ ಅರಿಶಿನ, ಕೇಸರಿ, ರಾಣಿ, ನವಿಲು ನೀಲಿ, ಜೊತೆಗೆ ಅಚ್ಚ ಬಿಳಿ, ಇವುಗಳಿಗೆ ಗಾಢ ಮೈಬಣ್ಣ ಕೊಡುವ ಶೋಭೆಯನ್ನು ಬಿಳಿ ಮೈಬಣ್ಣ ಕೊಡಲಾರದು. ಅಂಕೋಲೆಯಲ್ಲಿ ಹಾಲಕ್ಕಿ ಹೆಂಗಸರನ್ನು ನೋಡುತ್ತ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ನಮ್ಮ ಹಾಲಕ್ಕಿ ಅಜ್ಜಿ, ಗಿಡ ಬೆಳೆಸಿ ಹೆಸರಾದ ತುಳಸಿ ಗೌಡ ಪದ್ಮಶ್ರೀ ತೆಗೆದುಕೊಂಡಾಗಿನ ಫೋಟೊ ನೆನಪಿಸಿಕೊಳ್ಳಿ. ಬರಿಗಾಲು, ಕೊರಳ ತುಂಬ ಮಣಿಸರ. ಕಣ್ಣು ಹೋಗುವುದು ನೇರ ಆ ಮುಖಕ್ಕೆ. ಮುಖದ ಬುಡದಲ್ಲೇ ಮಣಿ ಇದ್ದದ್ದರಿಂದ ಹಾಗೆ.

ನಿಮ್ಮ ಗಾಢತೆ ತಿಳಿಯಲು ಮೊಬೈಲ್ ಸಹಾಯ ಮಾಡುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರಿಂದ ಒಂದು ಫೋಟೊ ತೆಗೆಸಿ, ಅದನ್ನು ಕಪ್ಪು ಬಿಳುಪು ಮಾಡಿ. ಕೂದಲಿಗೂ ಚರ್ಮಕ್ಕೂ ಎಷ್ಟು ಅಂತರ ಇದೆ ನೋಡಿ. ಕಡುಕಪ್ಪು ಕೂದಲು, ತಿಳಿ ಚರ್ಮ ಇದ್ದರೆ ಅಂತರ ಹೆಚ್ಚು. ಅಂಥವರಿಗೆ ಬಾಟಲ್ ಗ್ರೀನ್, ಮರೂನ್, ಕಪ್ಪು ಬಿಳುಪು ಜೋಡಿ ಕೂಡುತ್ತದೆ, ಗಂಧದ ಬಣ್ಣ ಒಂದೇ ಹಾಕಿದರೆ ಮುಖ ಸಪ್ಪೆ. ಗೋಧಿ ಬಣ್ಣದವರಲ್ಲಿ ಅಂತರ ನಡುವಿನದು. ಅದರ ಜೊತೆ ಹಸಿರು ಒಳಛಾಯೆಯೂ ಇದ್ದರೆ ಸಾಸಿವೆ ಬಣ್ಣ ಮುಖವನ್ನು ಕಾಯಿಲೆಯವರ ಹಾಗೆ ಮಾಡಬಹುದು, ಇಟ್ಟಿಗೆ ಕೆಂಪು ಮತ್ತು ನವಿಲು ನೀಲಿ ಎತ್ತುತ್ತವೆ. ಇವೆಲ್ಲ ಶುರುವಿಗೆ ಹಿಡಿಯುವ ದಾರಿ ಅಷ್ಟೇ. ಕೊನೆಯ ಮಾತು ನಿಮ್ಮ ಗದ್ದದ ಕೆಳಗಿನ ತುಂಡಿನದು.

ಅಂದ ಹಾಗೆ, ಮೊಬೈಲಿನ ಬ್ಯೂಟಿ ಫಿಲ್ಟರ್ ಆರಿಸಲೇಬೇಕು, ಮತ್ತು ಪ್ರತಿ ಫೋಟೊದಲ್ಲೂ ಬಿಳಿ ಪಂಚೆಯ ತುದಿ ಕಾಣುತ್ತಿರಲಿ. ಕ್ಯಾಮೆರಾ ತನಗೆ ತಾನೇ ಬಣ್ಣ ತಿದ್ದುತ್ತದೆ. ಪಂಚೆ ಎಲ್ಲ ಫೋಟೊದಲ್ಲೂ ಒಂದೇ ಬಿಳಿ ಇದ್ದರೆ ಮಾತ್ರ ಹೋಲಿಸಿ.

ಕೆಲವರು ಆ್ಯಪ್ ನೋಡಿ 'ನನ್ನ ಚರ್ಮ ನಾಲ್ಕನೇ ನಂಬರು' ಎಂದು ಬರುತ್ತಾರೆ. ಆ ನಂಬರು ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಶುರು ಮಾಡಿದ್ದು, ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ಅಳೆಯಲು. ಬಟ್ಟೆಯ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ, ಜನರ ಬಣ್ಣವನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ಗುಂಪು ಮಾಡುವ ನಾಲ್ಕು ಋತುಗಳ ಪದ್ಧತಿಯೂ ಇದೆ. ಅದರಲ್ಲಿ ತಿರುಳಿದೆ, ಬೆಚ್ಚನೆ ಮತ್ತು ತಂಪು ಎನ್ನುವ ವಿಂಗಡಣೆ ಅದರಲ್ಲೂ ಇರುವುದೇ. ಆದರೆ ಕಪ್ಪು ಕೂದಲು, ಕಂದು ಕಣ್ಣು ಎಂದ ಕೂಡಲೇ ನಮ್ಮವರನ್ನೆಲ್ಲ ಒಂದೆರಡು ಗುಂಪಿಗೆ ತಳ್ಳಿಬಿಡುತ್ತಾರೆ. ನಮ್ಮ ಜಿಲ್ಲೆಯಲ್ಲೇ ಎಷ್ಟು ಬಗೆಯ ಮೈಬಣ್ಣ ಇದೆ!

ಎಲ್ಲಿಗೆ ಉಡುತ್ತೀರಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯ ಬೆಳಕು ಬೂದು. ಬೂದುಬಣ್ಣ, ಕಡುಹಸಿರು ಆಗ ಇನ್ನಷ್ಟು ಮಂಕಾಗುತ್ತವೆ. ಶ್ರಾವಣದ ಪೂಜೆಗೆ ಹವಳ, ಅರಿಶಿನ, ರಾಣಿ ತೆಗೆದುಕೊಳ್ಳಿ ಎನ್ನುತ್ತೇನೆ. ದೇವಿಮನೆ ಘಟ್ಟ ಇಳಿದು ಕರಾವಳಿಗೆ ಹೋದರೆ ಬೆಳಕು ಬೇರೆ. ಕಾರವಾರದ ಕಡಲತೀರದಲ್ಲಿ ಏಪ್ರಿಲ್ ಬಿಸಿಲಿಗೆ ಮರಳು, ನೀರು ಎರಡೂ ಬೆಳಕು ಎರಚುತ್ತವೆ. ಅಲ್ಲಿ ತೀರ ತಿಳಿ ಬಣ್ಣಗಳು ಬಿಳಿಯಾಗಿಬಿಡುತ್ತವೆ, ಅದೇ ಬೂದು ನೀಲಿ, ಕಡುಹಸಿರು ಚಂದ ಕಾಣುತ್ತವೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ರಾತ್ರಿ ಹೋಗುವುದಾದರೆ, ಕಲ್ಯಾಣ ಮಂಟಪದ ಹಳದಿ ದೀಪಕ್ಕೆ ಉಡುವುದಾದರೆ, ನೀಲಿ ನೇರಳೆಗಳು ಕಪ್ಪಿಗೆ ತಿರುಗುತ್ತವೆ ಎಂದು ನೆನಪಿಡಿ.

ಅಂಗಡಿಯಲ್ಲಿ ಸೀರೆಯನ್ನು ಬಾಗಿಲಿಗೆ ತಂದು ನೋಡಿ. ಸಂಕೋಚ ಬೇಡ, ಒಳ್ಳೆಯ ಅಂಗಡಿಯವರು ತಾವೇ ತರುತ್ತಾರೆ. ಒಳಗಿನ ದೀಪಕ್ಕೆ ಒಂದೇ ಆಗಿ ಕಂಡ ಸೀರೆ ಮತ್ತು ಬ್ಲೌಸ್ ಪೀಸ್ ಹೊರಗಿನ ಬೆಳಕಿನಲ್ಲಿ ಬೇರೆ ಬೇರೆ ಆಗುವುದುಂಟು. ಎರಡಕ್ಕೂ ಹಾಕಿದ ಬಣ್ಣದ ಮದ್ದು ಬೇರೆ, ಒಂದೊಂದು ಬೆಳಕಿಗೆ ಒಂದೊಂದು ಥರ ಕಾಣುತ್ತದೆ. ಉದ್ದದ ಎಳೆಗೆ ಒಂದು ಬಣ್ಣ, ಅಡ್ಡದ ಎಳೆಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆಯಾದರೆ ಮಡಚಿದ ಸೀರೆ ನೋಡಿ ಒಪ್ಪಬೇಡಿ. ಹೆಗಲ ಮೇಲೆ ನೆರಿಗೆ ಹಿಡಿದು ಯಾವ ಬಣ್ಣ ಮುಖದ ಕಡೆ ಏಳುತ್ತದೆ ನೋಡಿ.

ಬಣ್ಣ ನಿಮ್ಮ ಕೈಯಲ್ಲಿ ಇಲ್ಲದಿದ್ದಾಗ

ಧಾರೆ ಸೀರೆಯ ಬಣ್ಣ ಮನೆಯವರು ನಿರ್ಧರಿಸುತ್ತಾರೆ. ಉಡುಗೊರೆ ಬಂದದ್ದು ಬಿಡುವ ಹಾಗಿಲ್ಲ. ಅಮ್ಮನ ಹಳೆಯ ಸೀರೆ ಒಪ್ಪದಿದ್ದರೂ ಉಡಬೇಕು ಅನಿಸುತ್ತದೆ, ಉಡಲೇಬೇಕು. ಇಲ್ಲಿಯೇ ನಮ್ಮ ಕೆಲಸ ಇರುವುದು. ಮುಖಕ್ಕೆ ಹತ್ತಿರ ಇರುವುದು ಬ್ಲೌಸಿನ ಕತ್ತು ಮತ್ತು ಹೆಗಲ ಮೇಲಿನ ಸೆರಗು, ಅಷ್ಟೇ. ಕಾಲ ಬಳಿಯ ಅಂಚು ಯಾವ ಬಣ್ಣ ಇದ್ದರೂ ಮುಖಕ್ಕೆ ಏನೂ ಆಗುವುದಿಲ್ಲ. ಸೀರೆಯ ಒಡಲು ಒಪ್ಪದಿದ್ದರೆ ಅಂಚಿನಲ್ಲೋ ಬುಟ್ಟಾದಲ್ಲೋ ಇರುವ ನಿಮ್ಮ ಬಣ್ಣ ಹುಡುಕಿ ಬ್ಲೌಸ್ ಅದರಲ್ಲಿ ಹೊಲಿಸಿ. ಬ್ಲೌಸ್ ಪೀಸ್ ಸೀರೆಯಲ್ಲೇ ಬಂದಿದ್ದರೆ ಕತ್ತಿಗೆ ನಿಮ್ಮ ಬಣ್ಣದ ಪೈಪಿಂಗ್ ಕೊಡಿಸಿ, ಕತ್ತು ಒಂದಿಂಚು ಆಳ ಮಾಡಿಸಿ. ಬಟ್ಟೆ ಮುಖದಿಂದ ದೂರ ಹೋದಷ್ಟೂ ಅದರ ಬಣ್ಣದ ಪ್ರಭಾವ ಕಡಿಮೆ. ಸೆರಗನ್ನು ಸಣ್ಣ ನೆರಿಗೆ ಮಾಡಿ ಹೆಗಲ ತುದಿಗೆ ಪಿನ್ ಮಾಡಿದರೂ ಅದೇ ಫಲ.

ಹೂವೂ ಬಣ್ಣವೇ. ಅಬ್ಬಲಿಗೆ, ಅಂದರೆ ಕನಕಾಂಬರ, ಬೆಚ್ಚನೆಯ ಛಾಯೆಯವರ ಮುಖಕ್ಕೆ ಕಿವಿಯ ಪಕ್ಕದಲ್ಲೇ ಬೆಳಕು ಕೊಡುತ್ತದೆ. ತಂಪು ಛಾಯೆಯವರಿಗೆ ಮಲ್ಲಿಗೆ. ಜರಿ ಹಳದಿ ಚಿನ್ನದ್ದೋ, ಬೆಳ್ಳಿಯದ್ದೋ, ತಾಮ್ರದ ಬಣ್ಣದ್ದೋ ಅದನ್ನೂ ತುಂಡಿನ ಹಾಗೆಯೇ ಹಿಡಿದು ನೋಡಿ.

ಗಂಡಸರಿಗೆ ಇದೆಲ್ಲ ಬೇಡ ಎಂದುಕೊಳ್ಳಬೇಡಿ. ಅಂಗಿಯ ಕಾಲರ್ ಗದ್ದಕ್ಕೆ ಅಂಟಿಕೊಂಡೇ ಇರುತ್ತದೆ. ಬಿಳಿ ಮತ್ತು ಕೋರಾ ಪರೀಕ್ಷೆ ಒಂದು ಮಾಡಿದರೂ ಮದುವೆಗೆ ಅಚ್ಚ ಬಿಳಿ ಅಂಗಿಯೋ ಕೆನೆಬಣ್ಣದ್ದೋ ಎಂಬುದು ತೀರ್ಮಾನವಾಗುತ್ತದೆ.

ಕೂದಲು ನರೆಯತೊಡಗಿದಾಗ ಎಲ್ಲವನ್ನೂ ಮತ್ತೊಮ್ಮೆ ನೋಡಿ. ಒಳಛಾಯೆ ಹೆಚ್ಚು ಬದಲಾಗದಿದ್ದರೂ ಕೂದಲು ಮತ್ತು ಚರ್ಮದ ಅಂತರ ಬದಲಾಗುತ್ತದೆ. ಹಿಂದೆ ಜೋರು ಅನಿಸಿದ್ದ ಬಣ್ಣ ಈಗ ಕೂಡಬಹುದು. ಬೆಳ್ಳಿಕೂದಲಿನ ಅತ್ತೆಯಂದಿರು ಕಡುನೀಲಿ ಉಟ್ಟು ಬಂದರೆ ನಾನು ಹೊಲಿಗೆ ನಿಲ್ಲಿಸಿ ನೋಡುತ್ತೇನೆ.

ಒಪ್ಪಿದ ಬಣ್ಣಗಳ ತುಂಡುಗಳನ್ನು ಎರಡು ಬೆರಳಗಲ ಕತ್ತರಿಸಿ, ಒಂದು ಮೂಲೆಯಲ್ಲಿ ಸೇರಿಸಿ ಹೊಲಿದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸೀರೆ ಆರಿಸುವಾಗ ಆ ಗೊಂಚಲನ್ನು ಪಕ್ಕದಲ್ಲಿ ಹಿಡಿದರೆ ನೂರು ಸೀರೆ ಬಿಡಿಸುವುದು ತಪ್ಪುತ್ತದೆ. ತುಂಡು ಸಿಗದಿದ್ದರೆ ನೀವು ಹೊಲಿಸುವವರನ್ನೇ ಕೇಳಿ, ಯಾರೂ ಇಲ್ಲ ಎನ್ನುವುದಿಲ್ಲ. ಲೈನಿಂಗ್ ಬಟ್ಟೆ ಬಿಸಿಲಿಗೆ ಬೇಗ ಮಾಸುತ್ತದೆ, ಆಗಾಗ ಹೊಸ ತುಂಡು ಹಾಕಿಕೊಳ್ಳಿ.